ಅರ್ಜಿಯ ಮೇಲಣ ಕಾಗದ

ಹೋದ ತಿಂಗಳು ನಮ್ಮ ಆಪ್ತರ ಮನೆಯೊಂದರಲ್ಲಿ ಕಾಫಿಯ ಹೊತ್ತಿಗೆ ಕುಳಿತಿದ್ದಾಗ, ಆ ಮನೆಯ ಮಗಳು ತಾನು ಬರೆದ ಉದ್ಯೋಗದ ಅರ್ಜಿಯನ್ನು ತಂದು ನಮ್ಮ ಕೈಗಿತ್ತಳು. ಬಿ.ಕಾಂ. ಓದಿ ಎರಡು ವರ್ಷ ಜವಳಿ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಂಡವಳು. ಅನಂತರ ತಾಯಿಗೆ ಪಾರ್ಶ್ವವಾಯು ಬಡಿದುದರಿಂದ ಮೂರು ವರ್ಷ ಮನೆಯಲ್ಲಿಯೇ ಉಳಿಯಬೇಕಾಯಿತು. ಈಗ ತಾಯಿ ಕೋಲೂರಿಕೊಂಡು ನಡೆಯುವಷ್ಟಾಗಿದ್ದಾರೆ. ಮನೆಯ ಸಾಲವೂ ಬೆಳೆದಿದೆ. ಆದರೆ ಅವಳು ಕಳುಹಿಸಿದ ಅರ್ಜಿಗಳಲ್ಲಿ ಒಂದಕ್ಕೂ ಉತ್ತರ ಬಂದಿರಲಿಲ್ಲ.

ಬಯೋಡೇಟಾದಲ್ಲಿ ನಮಗೆ ದೋಷವೇನೂ ಕಾಣಲಿಲ್ಲ. ಅದರ ಮೇಲಿಟ್ಟು ಕಳುಹಿಸುವ ಕಾಗದವನ್ನು, ಎಂದರೆ ಕಚೇರಿಯವರು ಕವರಿಂಗ್ ಲೆಟರ್ ಎನ್ನುವುದನ್ನು, ಓದಿದಾಗ ಮಾತ್ರ ಕಸಿವಿಸಿಯಾಯಿತು. ತಾನು ಶ್ರಮಶೀಲಳು, ಪ್ರಾಮಾಣಿಕಳು, ಎಲ್ಲರೊಡನೆ ಹೊಂದಿಕೊಂಡು ನಡೆಯುವವಳು ಎಂದು ಮೂರು ಕಂಡಿಕೆಗಳು. ತಾನು ಮೈಗಳ್ಳನೆಂದು ಬರೆದ ಉಮೇದುವಾರನನ್ನು ನಾವಂತೂ ಕಂಡಿಲ್ಲ! ಗಣಕಯಂತ್ರವೇ ಇಂತಹ ಕಾಗದವನ್ನು ಕ್ಷಣಮಾತ್ರದಲ್ಲಿ ಹೊಸೆದುಕೊಡುವ ಈ ಕಾಲದಲ್ಲಿ, ನೂರು ಅರ್ಜಿಗಳ ನಡುವೆ ಅದು ಯಾರ ಕಣ್ಣಿಗೆ ಬಿದ್ದೀತು? ಆ ಮೂರು ವರ್ಷಗಳ ವಿಚಾರವೋ, ಒಂದಕ್ಷರವೂ ಇರಲಿಲ್ಲ. "ಅದನ್ನು ಬರೆದರೆ ಕರೆಯುತ್ತಾರೆಯೆ, ಮಾಮ?" ಎಂದಳು.

ಆಗ ನಮಗೆ ನೆನಪಾದದ್ದು 1912ನೆಯ ಇಸವಿ ಫೆಬ್ರವರಿ 9ರಂದು ಮದರಾಸಿನ ತಿರುವಲ್ಲಿಕ್ಕೇಣಿಯಿಂದ ಹೊರಟ ಒಂದು ಅರ್ಜಿ. ಬರೆದವರು 24 ವರ್ಷದ ಶ್ರೀನಿವಾಸ ರಾಮಾನುಜನ್. ಬರೆದದ್ದು ಮದರಾಸು ಬಂದರು ಕಚೇರಿಯ ಮುಖ್ಯ ಲೆಕ್ಕಾಧಿಕಾರಿಗಳಿಗೆ. ಗಣಿತವೊಂದನ್ನೇ ಹಿಡಿದು ಮಿಕ್ಕ ವಿಷಯಗಳನ್ನು ಅಲಕ್ಷಿಸಿದುದರಿಂದ ಅವರು ಎಫ್.ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿದ್ದರು. ಮದುವೆಯಾಗಿತ್ತು; ನೆಲೆಯಾದ ವರಮಾನವಿರಲಿಲ್ಲ. ಕಾಗದವಾದರೋ ಕೆಲವೇ ಸಾಲು. ಗುಮಾಸ್ತೆಯ ಸ್ಥಳವೊಂದು ಖಾಲಿ ಇದೆಯೆಂದು ತಿಳಿದು ಅರ್ಜಿ ಸಲ್ಲಿಸುತ್ತಿರುವುದಾಗಿ ಆರಂಭ. ಮೆಟ್ರಿಕ್ಯುಲೇಷನ್ ಮುಗಿಸಿ ಎಫ್.ಎ.ವರೆಗೆ ಓದಿದ್ದು, ಪ್ರತಿಕೂಲ ಸಂದರ್ಭಗಳಿಂದ ಓದು ಮುಂದುವರಿಯದೆ ಹೋದದ್ದು, ಎರಡೂ ಒಂದೇ ವಾಕ್ಯದಲ್ಲಿ ಮುಗಿದಿವೆ. ಆ ಬಳಿಕ ತಮ್ಮ ಕಾಲವನ್ನೆಲ್ಲ ಗಣಿತದ ವ್ಯಾಸಂಗಕ್ಕೆ ಮೀಸಲಿಟ್ಟಿರುವುದನ್ನು ಹೇಳಿ, ಕೆಲಸ ಕೊಟ್ಟರೆ ಅದಕ್ಕೆ ನ್ಯಾಯ ಸಲ್ಲಿಸಬಲ್ಲೆನೆಂಬ ಭರವಸೆ ಕೊಟ್ಟಿದ್ದಾರೆ. ಗೋಳಿಲ್ಲ, ನೆಪವಿಲ್ಲ.

ಕಾಗದವೊಂದೇ ಕೆಲಸ ಕೊಡಿಸಿತೆಂದು ನಾವು ಹೇಳೆವು. ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕ ಮಿಡ್ಲ್‌ಮಾಸ್ಟರ ಶಿಫಾರಸು ಪತ್ರ ಅದರೊಡನಿತ್ತು. ಮಾರ್ಚ್ 1ರಂದು ಅವರು ಕೆಲಸಕ್ಕೆ ಸೇರಿದರು. ಮರುವರ್ಷ ಜನವರಿಯಲ್ಲಿ ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಬರೆದಾಗಲೂ ಅದೇ ರೀತಿ: ವರ್ಷಕ್ಕೆ 20 ಪೌಂಡ್ ಸಂಬಳದ ಗುಮಾಸ್ತೆ ತಾನೆಂದು ಮೊದಲೇ ಹೇಳಿ, ತಮ್ಮ ಪ್ರಮೇಯಗಳನ್ನೇ ಕಾಗದದೊಡನೆ ಇಟ್ಟರು. ಅದರಲ್ಲಿ ತಮ್ಮ ವಯಸ್ಸನ್ನು ಸುಮಾರು 23 ಎಂದು ಬರೆದರು. ನಿಜಕ್ಕೂ 25 ತುಂಬಿತ್ತು. ಇದೊಂದನ್ನು ನಮ್ಮ ತರುಣರು ಅನುಕರಿಸದಿರಲಿ.

ಇಷ್ಟನ್ನೂ ಹೇಳಿ ಹುಡುಗಿಯನ್ನು ಕೇಳಿದೆವು: "ಅಂಗಡಿಯಲ್ಲಿ ನೀನು ಮಾಡಿದ್ದೇನಮ್ಮ?" ಲೆಕ್ಕ ಬರೆಯುತ್ತಿದ್ದೆ ಎಂದಷ್ಟೇ ಅಂದಳು. ಕೆದಕಿದ ಮೇಲೆ ಹೊರಬಂದದ್ದು ಬೇರೆ. ತಿಂಗಳ ಜಿ.ಎಸ್.ಟಿ. ಲೆಕ್ಕವನ್ನು ಮುಂದಿನ ತಿಂಗಳ 20ನೆಯ ತಾರೀಖಿನೊಳಗೆ ಅವಳೊಬ್ಬಳೇ ಸಲ್ಲಿಸುತ್ತಿದ್ದಳಂತೆ. ಒಮ್ಮೆಯೂ ಗಡುವು ತಪ್ಪಿಲ್ಲ, ದಂಡ ಕಟ್ಟಿಲ್ಲ. ಸರಕು ಕಳುಹಿಸುವವರ ಬಿಲ್ಲುಗಳಿಗೂ ಅಂಗಡಿಯ ಪುಸ್ತಕಕ್ಕೂ ತಾಳೆ ನೋಡಿ, ಎರಡು ಸಲ ಬರೆದಿದ್ದ ಖರೀದಿಯನ್ನು ಹಿಡಿದಿದ್ದಳು. ಇದನ್ನೇಕೆ ಬರೆಯಲಿಲ್ಲವೆಂದರೆ, "ಅದೇನು ದೊಡ್ಡದು?" ಎನ್ನುತ್ತಾಳೆ! ಲೆಕ್ಕದವರನ್ನು ಹುಡುಕುತ್ತಿರುವ ಯಜಮಾನನಿಗೆ ಅದಕ್ಕಿಂತ ದೊಡ್ಡದು ಮತ್ತೊಂದಿಲ್ಲ. ಅದನ್ನೇ ಮೊದಲಿಗೆ ಬರೆಯಿಸಿದೆವು.

ತಾಯಿಯ ವಿಚಾರ ಒಂದೇ ವಾಕ್ಯ: ಇಂತಿಷ್ಟು ಕಾಲ ತಾಯಿಯ ಶುಶ್ರೂಷೆಗಾಗಿ ಮನೆಯಲ್ಲಿದ್ದೆ, ಈಗ ಪೂರ್ಣಾವಧಿ ಕೆಲಸಕ್ಕೆ ಬರಬಲ್ಲೆ. ಆಸ್ಪತ್ರೆಯ ಬಿಲ್ಲುಗಳಿಗಾಗಿ ವಿಮೆಯವರೊಡನೆ ಹೆಣಗಿ ಹಣ ಬಿಡಿಸಿಕೊಂಡದ್ದನ್ನೂ ಸೇರಿಸಲೇ ಎಂದಳು. ನಮಗೂ ಆಸೆಯಾಯಿತು, ಆದರೆ ಅದು ಸಂದರ್ಶನದಲ್ಲಿ ಕೇಳಿದರೆ ಹೇಳುವ ಮಾತೆಂದು ಬಿಡಿಸಿದೆವು. ದಯವಿಟ್ಟು ಕರುಣಿಸಬೇಕೆಂಬ ಕೊನೆಯ ಸಾಲನ್ನೂ ಹೊಡೆದುಹಾಕಿದೆವು. ಇಮೇಲಿನ ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರಿರಬೇಕು. ಹಿಂದಿನ ಅರ್ಜಿಯಿಂದ ನಕಲು ಮಾಡುವಾಗ ಮತ್ತೊಂದು ಕಂಪನಿಯ ಹೆಸರು ಉಳಿದುಬಿಡಬಾರದು. ಅವಳದರಲ್ಲಿ ಹಾಗೆಯೇ ಉಳಿದಿತ್ತು, ಪಾಪ.

ಹನ್ನೆರಡು ಸಾಲಿನ ಕಾಗದ ಸಿದ್ಧವಾಯಿತು. ತಾಯಿ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿದರು. ತಮ್ಮ ವಿಚಾರದ ವಾಕ್ಯ ಬಂದಾಗ ತುಸು ಹೊತ್ತು ಸುಮ್ಮನಿದ್ದು, "ಅಷ್ಟೇ ಸಾಕು ಕಣೆ, ಕಳುಹಿಸು" ಎಂದರು. ಇದನ್ನು ಬರೆಯುವ ವೇಳೆಗೆ ಒಂದೆಡೆಯಿಂದ ಸಂದರ್ಶನಕ್ಕೆ ಕರೆ ಬಂದಿದೆ. ಬರುವ ಗುರುವಾರ ಹೋಗುತ್ತಾಳೆ.