ಯೆರವಡಾದ ಅರಮನೆಯಲ್ಲಿ ಆರು ದಿನ

ಪುಣೆಯ ಯೆರವಡಾದ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಯಾರಿಗೂ ಏಟು ಬೀಳುತ್ತಿರಲಿಲ್ಲ. ಕಲ್ಲು ಒಡೆಯುವ ಶಿಕ್ಷೆಯಿರಲಿಲ್ಲ. ಸಾಲು ಸಾಲು ಕಮಾನು, ಅಗಲವಾದ ಜಗಲಿ, ಸುತ್ತ ಹಸಿರು ತೋಟ. 1942ರ ಆಗಸ್ಟ್ 9ರಂದು ಮುಂಬೈಯಲ್ಲಿ ಬಂಧಿತರಾದ, ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿಯವರನ್ನು ಅವರ ಜೊತೆಗೇ ಇಲ್ಲಿಗೆ ತಂದರು. ಆಗಸ್ಟ್ 15ರ ಬೆಳಿಗ್ಗೆ ದೇಸಾಯಿಯವರ ಹೃದಯ ನಿಂತುಹೋಯಿತು. ವಯಸ್ಸು ಬರೀ 50!

ಮರುವರ್ಷ ಫೆಬ್ರುವರಿ 10ರಂದು ಅದೇ ಸೂರಿನಡಿ 73 ವರ್ಷದ ಗಾಂಧೀಜಿ 21 ದಿನಗಳ ಉಪವಾಸಕ್ಕೆ ಕೂತರು. ನಡುವೆ ಜೀವ ಹೋಗಿಯೇಬಿಟ್ಟಿತು ಎನ್ನುವ ಸ್ಥಿತಿ ಬಂತು. ಆದರೂ ಮಾರ್ಚ್ 3ರಂದು ಉಪವಾಸ ಮುಗಿಸಿದರು, ಬದುಕಿದರು.

ಅನ್ನ ಬಿಟ್ಟ ಹಿರಿಯ ಜೀವ ಉಳಿಯಿತು, ಅವರ ಊಟ ಉಪಚಾರ ನೋಡಿಕೊಳ್ಳುತ್ತಿದ್ದ ಕಿರಿಯ ಜೀವ ಹೋಯಿತು! ಒಂದು ಸಾವಿಗೆ ಒಂದೇ ಕಾರಣ ಕಟ್ಟುವುದು ಸಲ್ಲದು. ವರ್ಷಗಟ್ಟಲೆ ಬಿಡುವಿಲ್ಲದ ದುಡಿಮೆ ದೇಸಾಯಿಯವರ ದೇಹವನ್ನು ಮೊದಲೇ ಹಣ್ಣು ಮಾಡಿತ್ತು. ಆದರೆ ಕೊನೆಯ ದಿನಗಳಲ್ಲಿ ಅವರನ್ನು ಕಾಡಿದ್ದೇನು ಎಂಬುದನ್ನು ಹತ್ತಿರದವರು ಬರೆದಿಟ್ಟಿದ್ದಾರೆ. ಬಾಪು ಯಾವ ಗಳಿಗೆಯಲ್ಲಿ ಆಮರಣ ಉಪವಾಸ ಹೂಡಿಬಿಡುತ್ತಾರೋ ಎಂಬ ಭಯ ಅದು. ಇನ್ನೂ ನಡೆದೇ ಇಲ್ಲದ ಸಂಗತಿಯ ಭಯ! ಅಂಥದೊಂದು ಭಯಕ್ಕೆ ರಕ್ತ ಮಾಂಸದ ಮೇಲೆ ಅಧಿಕಾರವಿದೆಯೇ? ಇದೆ. ಅದು ದೇಹದೊಳಗೆ ಹಿಡಿಯುವ ದಾರಿಯನ್ನು ನೋಡುತ್ತ ಹೋದರೆ ಮೈ ನವಿರೇಳುತ್ತದೆ.

ಎದೆ ಧಸಕ್ಕೆನ್ನುತ್ತದೆ, ಬಾಯಿ ಒಣಗುತ್ತದೆ, ಕೈಕಾಲು ತಣ್ಣಗಾಗುತ್ತವೆ ಎನ್ನುತ್ತೇವಲ್ಲ, ಅದರಲ್ಲಿ ಒಂದಕ್ಷರವೂ ಅಲಂಕಾರವಲ್ಲ. ಮಿದುಳಿನ ಆಳದಲ್ಲಿ ಬಾದಾಮಿ ಗಾತ್ರದ ಅಮಿಗ್ಡಲಾ ಅಪಾಯ ಎಂದು ಕೂಗಿದ ಕೆಲವೇ ಸೆಕೆಂಡುಗಳಲ್ಲಿ ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಹೃದಯ ಓಡುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಜೊಲ್ಲು ಬತ್ತುತ್ತದೆ, ಜೀರ್ಣಕ್ರಿಯೆ ಅಲ್ಲಿಗೇ ನಿಲ್ಲುತ್ತದೆ, ಚರ್ಮದ ರಕ್ತ ಸ್ನಾಯುಗಳತ್ತ ಧಾವಿಸುತ್ತದೆ. ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ಬಿಡಿಸಿ ಬರೆದರು: ಹೋರಾಡು, ಇಲ್ಲವೇ ಓಡು! ನಿಮಿಷಗಳು ಕಳೆದಂತೆ ಕಾರ್ಟಿಸೋಲ್ ಎಂಬ ಹಾರ್ಮೋನಿನ ಎರಡನೇ ಅಲೆ ಏಳುತ್ತದೆ. ಚಿರತೆ ಎದುರಾದರೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ.

ಆದರೆ ಚಿರತೆ ಹೋಗದಿದ್ದರೆ? 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 'ನೇಚರ್' ಪತ್ರಿಕೆಗೆ ಒಂದು ಪುಟವನ್ನೂ ಮೀರದ ಪತ್ರ ಬರೆದರು. ಇಲಿಗಳನ್ನು ಚಳಿಗೆ ಒಡ್ಡಿದರೂ, ಗಾಯ ಮಾಡಿದರೂ, ಸುಸ್ತಾಗುವಷ್ಟು ಓಡಿಸಿದರೂ ಒಳಗೆ ಕಂಡದ್ದು ಒಂದೇ. ಅಡ್ರಿನಲ್ ಗ್ರಂಥಿ ಊದಿತ್ತು, ರೋಗನಿರೋಧಕ ಕಣಗಳನ್ನು ಬೆಳೆಸುವ ಥೈಮಸ್ ಕುಗ್ಗಿತ್ತು, ಹೊಟ್ಟೆಯಲ್ಲಿ ಹುಣ್ಣು! ನಾವು ಒತ್ತಡ ಎನ್ನುವುದಕ್ಕೆ ಮೊತ್ತಮೊದಲ ಬಾರಿ ಅಂಗಾಂಗಗಳ ಸಾಕ್ಷಿ ಸಿಕ್ಕಿತ್ತು.

ಇನ್ನೂ ಬೆರಗಿನದು 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಬಾಸ್ಟನ್ನಿನ ವೈದ್ಯರು 293 ಜನರ ದೇಹಗಳನ್ನು ಸ್ಕ್ಯಾನ್ ಮಾಡಿ ವರ್ಷಗಳ ಕಾಲ ಹಿಂಬಾಲಿಸಿದ್ದರು. ಯಾರ ಅಮಿಗ್ಡಲಾ ಹೆಚ್ಚು ಉರಿಯುತ್ತಿತ್ತೋ ಅವರ ಅಸ್ಥಿಮಜ್ಜೆಯೂ ಹೆಚ್ಚು ಚುರುಕಾಗಿತ್ತು, ಅವರ ರಕ್ತನಾಳಗಳಲ್ಲಿ ಉರಿಯೂತವೂ ಹೆಚ್ಚಿತ್ತು. ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಅವರಿಗೇ ಹೆಚ್ಚಾಗಿ, ಬೇಗನೆ ಬಂದವು. ತಲೆಯೊಳಗಿನ ಅಂಜಿಕೆ, ಮೂಳೆಯೊಳಗಿನ ಮಜ್ಜೆ, ಎದೆಯ ನಾಳ: ಈ ಮೂರನ್ನೂ ಒಂದೇ ಎಳೆಯಲ್ಲಿ ಪೋಣಿಸಿ ನೋಡುವುದು ಸಾಧ್ಯವಾಯಿತು!

ಚರ್ಮಕ್ಕೂ ಈ ಸುದ್ದಿ ಮುಟ್ಟುತ್ತದೆ. ಒಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆಗುಳಿ ರೋಗಿಗಳ ಆರೈಕೆಯಲ್ಲಿದ್ದ 13 ಹೆಂಗಸರ ತೋಳಿನಲ್ಲಿ 3.5 ಮಿಲಿಮೀಟರ್ ಅಗಲದ ಗಾಯ ಮಾಡಿದರು. ಅದೇ ವಯಸ್ಸಿನ, ಆ ಹೊಣೆಯಿಲ್ಲದ 13 ಹೆಂಗಸರಿಗೂ ಹಾಗೇ ಮಾಡಿದರು. ಆರೈಕೆ ಮಾಡುವವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು ಎಂದು 1995ರಲ್ಲಿ ವರದಿ ಮಾಡಿದರು. ಕಾಯಿಲೆ ಒಬ್ಬರಿಗೆ, ಗಾಯ ಮಾಯದಿರುವುದು ಪಕ್ಕದಲ್ಲಿ ಕೂತವರಿಗೆ!

ಹಾಗಾದರೆ ಎಲ್ಲ ಕಷ್ಟವೂ ಒಂದೇ ರೀತಿ ಕೊರೆಯುತ್ತದೆಯೇ? ಇಲ್ಲಿಯೇ ನನ್ನನ್ನು ಎಲ್ಲಕ್ಕಿಂತ ಬೆಚ್ಚಿಬೀಳಿಸಿದ ಪ್ರಯೋಗವಿದೆ. 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಜೇ ವೈಸ್ ಎಂಬವರು ಎರಡು ಇಲಿಗಳ ಬಾಲಕ್ಕೆ ಒಂದೇ ಹೊತ್ತಿನಲ್ಲಿ, ಒಂದೇ ಬಲದ ವಿದ್ಯುತ್ ಆಘಾತ ಕೊಟ್ಟರು. ಒಂದರ ಮುಂದೆ ಚಕ್ರವಿತ್ತು. ಇಲಿ ಅದನ್ನು ತಿರುಗಿಸಿದರೆ ಎರಡಕ್ಕೂ ಆಘಾತ ನಿಲ್ಲುತ್ತಿತ್ತು. ಇನ್ನೊಂದರ ಕೈಯಲ್ಲಿ ಏನೂ ಇರಲಿಲ್ಲ. ನೋವು ಎರಡಕ್ಕೂ ಸಮ, ಆದರೆ ಹೊಟ್ಟೆಯ ಹುಣ್ಣು ಕೈ ಕಟ್ಟಿದಂತಿದ್ದ ಇಲಿಗೇ ಹೆಚ್ಚು! ಆಘಾತಕ್ಕೆ ಮುನ್ಸೂಚನೆ ಕೊಟ್ಟಾಗಲೂ ಹುಣ್ಣು ಕಡಿಮೆಯಾಯಿತು. ದೇಹ ನೋವನ್ನಷ್ಟೇ ಅಳೆಯುವುದಿಲ್ಲ. ಅದು ಯಾವಾಗ ಬರುತ್ತದೆ, ಎಂದು ಮುಗಿಯುತ್ತದೆ, ನನ್ನಿಂದ ಏನಾದರೂ ಆದೀತೇ ಎಂದೂ ಲೆಕ್ಕ ಹಾಕುತ್ತದೆ.

ಈ ಬೆಳಕಿನಲ್ಲಿ ಯೆರವಡಾದ ಆ ಇಬ್ಬರನ್ನು ನೋಡಿ. ಗಾಂಧೀಜಿಯ ಉಪವಾಸಕ್ಕೆ ಶುರುವಿನ ದಿನವಿತ್ತು, ಕೊನೆಯ ದಿನವಿತ್ತು, ನಿರ್ಧಾರ ಅವರದೇ. ದೇಸಾಯಿಯವರ ಭಯಕ್ಕೆ ದಿನಾಂಕವಿರಲಿಲ್ಲ, ತಡೆಯುವ ದಾರಿಯೂ ಅವರ ಕೈಯಲ್ಲಿರಲಿಲ್ಲ. ಇಲಿಗಳ ಪ್ರಯೋಗದಿಂದ ಮಹಾತ್ಮರ ಕಥೆಗೆ ತೀರ್ಪು ಕೊಡಲಾಗದು. ಗಾಂಧೀಜಿಯ ದೇಹವೂ ಒತ್ತಡವನ್ನು ಗೆದ್ದ ದೇಹವಾಗಿರಲಿಲ್ಲ: 1940ರ ಫೆಬ್ರುವರಿಯಲ್ಲಿ ಅವರ ರಕ್ತದೊತ್ತಡ 220/110 ಇತ್ತು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ ದಾಖಲೆಗಳಲ್ಲಿದೆ. ಆದರೂ ಪಕ್ಕದಲ್ಲಿ ಕಾಯುವವರ ಪಾಡು ಏನೆಂದು ಈ ಅರಮನೆಯಷ್ಟು ಸ್ಪಷ್ಟವಾಗಿ ಕಲಿಸುವ ಜಾಗ ನನಗೆ ಗೊತ್ತಿಲ್ಲ.

ಇದು ಹಳೆಯ ಕಥೆಯೂ ಅಲ್ಲ. 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರೂ ಕೈಜೋಡಿಸಿದ್ದರು. ಹೃದಯಾಘಾತದ ಒಂಬತ್ತು ಮುಖ್ಯ ಕಾರಣಗಳಲ್ಲಿ ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಸಾಲಿನಲ್ಲೇ ಮನಸ್ಸಿನ ಒತ್ತಡವೂ ನಿಂತಿತು. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ ಬರುತ್ತದೆ, ಉಳಿದವರಿಗಿಂತ ಐದಾರು ವರ್ಷ ಮೊದಲು, ಎಂಬುದೂ ಇದೇ ಅಧ್ಯಯನದಿಂದ ತಿಳಿಯಿತು.

ಈ ಒತ್ತಡಕ್ಕೆ ದೇಹದಲ್ಲೇ ಕಡಿವಾಣಗಳೂ ಇವೆ. ಕಾರ್ಟಿಸೋಲನ್ನು ಹಿಡಿದು ನಿಲ್ಲಿಸುವ ಅಂಥ ಕಡಿವಾಣಗಳಲ್ಲಿ ಒಂದು ಮಿದುಳಿನ ಹಿಪೊಕ್ಯಾಂಪಸ್. ಇಲಿಗಳಲ್ಲಿ ಅದರ ಕೆಲಸ ಮಾಡುವ ಹಾರ್ಮೋನು ಅಲ್ಲಿಗೆ ಹೋಗಿ ಅಂಟಿಕೊಳ್ಳುವುದನ್ನು ವಿಜ್ಞಾನಿ ಬ್ರೂಸ್ ಮೆಕ್‌ಯೂವನ್ 1968ರಲ್ಲಿ ಕಂಡರು. ಒತ್ತಡ ವಾರಗಟ್ಟಲೆ ಮುಂದುವರಿದರೆ ಅಲ್ಲಿನ ನರಕೋಶಗಳ ಟಿಸಿಲುಗಳು ಕುಗ್ಗುತ್ತವೆ, ಅಂದರೆ ಕಡಿವಾಣವೇ ಸಡಿಲಾಗುತ್ತದೆ. ಆದರೆ ಒತ್ತಡ ನಿಂತರೆ ಆ ಟಿಸಿಲುಗಳು ಮತ್ತೆ ಚಿಗುರುವುದನ್ನೂ ಅವರ ಪ್ರಯೋಗಾಲಯವೇ ತೋರಿಸಿತು! ದೇಹ ದ್ವೇಷ ಇಟ್ಟುಕೊಳ್ಳುವುದಿಲ್ಲ. ಬಿಡುವು ಕೊಟ್ಟರೆ ಕಟ್ಟಿಕೊಳ್ಳುತ್ತದೆ.

ಆದ್ದರಿಂದ ಆಸ್ಪತ್ರೆಯ ವರಾಂಡದಲ್ಲಿ ಫ್ಲಾಸ್ಕು, ಚೀಲ ಹಿಡಿದು ಕೂತವರನ್ನು ಮರೆಯಬೇಡಿ. ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ, ಮುಂದೆ ಏನಾಗಲಿದೆ ಎಂದು ಅವರಿಗೆ ಹೇಳಿ. ರಾತ್ರಿ ಪಾಳಿಯನ್ನು ಹಂಚಿಕೊಳ್ಳಿ. ರೋಗಿಯ ಬಿಪಿ ನೋಡಿದ ಮೇಲೆ ಆ ಪಟ್ಟಿಯನ್ನು ಅವರ ತೋಳಿಗೂ ಒಮ್ಮೆ ಕಟ್ಟಿ.