ನೀರಿಗೆ ಲೆಕ್ಕ, ಜನಕ್ಕೆ ಪುರಾವೆ

1

ಗಣೇಶಗುಡಿಯಲ್ಲಿ ಬಸ್ಸಿಳಿದವರಿಗೆ ಮೊದಲು ಕಾಣುವುದು ರಿಸಾರ್ಟು, ರಾಫ್ಟಿಂಗಿನ ಬೋರ್ಡುಗಳು. ಆಮೇಲೆ ಸೂಪಾ ಅಣೆಕಟ್ಟು. ಎತ್ತರ 101 ಮೀಟರ್. ಅದರ ಹಿಂದೆ ಕಾಳಿ ನದಿಯ ಸುಮಾರು 147 ಟಿಎಂಸಿ ನೀರು. 1970ರ ದಶಕದಲ್ಲಿ ಹಿಡಿದ ಕೆಲಸ 1987ರ ಹೊತ್ತಿಗೆ ಮುಗಿಯಿತು. ಬಂದವರಿಗೆ ಕಾಣದೇ ಇರುವುದು ನೀರಿನಡಿಯ ಸೂಪಾ. ಅದು ತಾಲ್ಲೂಕು ಕೇಂದ್ರವಾಗಿದ್ದ ಊರು. ಮುಳುಗಿದ ಮೇಲೆ ಕೇಂದ್ರ ಜೋಯಿಡಾಕ್ಕೆ ಹೋಯಿತು. ಎದ್ದು ಬಂದವರಲ್ಲಿ ಹಲವರು ರಾಮನಗರದಲ್ಲಿ ನೆಲೆ ನಿಂತರು. ಸೂಪಾ ಎಂಬ ಹೆಸರು ಅಣೆಕಟ್ಟಿಗೆ ಉಳಿಯಿತು.

ನನ್ನ ಅಜ್ಜ ಈ ಅಣೆಕಟ್ಟಿಗೆ ಖಡಿ ಬುಟ್ಟಿ ಹೊತ್ತವನು. ಬಯಲುಸೀಮೆಯ ಒಂದು ಕೇರಿಯಿಂದ ಅಜ್ಜಿಯನ್ನು ಕರೆದುಕೊಂಡು ಬಂದು, ಇಲ್ಲಿನ ಕೂಲಿಕಾರರ ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡಿದ. ಆ ದಿನಗಳ ಬಗ್ಗೆ ಅವನು ಸಂತೋಷದಿಂದಲೇ ಮಾತಾಡುತ್ತಿದ್ದ. "ಊರಾಗ ಗೌಡರ ಮನಿ ಮುಂದ ಚಪ್ಪಲಿ ಕೈಯಾಗ ಹಿಡಕೊಂಡು ಹೋಗಬೇಕಿತ್ತು ತಮ್ಮಾ. ಇಲ್ಲಿ ವಾರಕ್ಕೊಮ್ಮೆ ಪಗಾರ ಕೈಗೆ ಬರ್ತಿತ್ತು. ಯಾರೂ ಜಾತಿ ಕೇಳ್ತಿರ್ಲಿಲ್ಲ." ಮುಳುಗಿದವರ ಮಾತು ತೆಗೆದರೆ ಮಾತ್ರ ಅವನ ದನಿ ಇಳಿಯುತ್ತಿತ್ತು. "ಕುಣಬ್ಯಾರು ಸಾಮಾನು ತಲಿಮ್ಯಾಲ ಹೊತಗೊಂಡು ಹೋಗೋದ ನೋಡಿದ್ವಿ. ನಾವೇನು ಮಾತಾಡೋದು? ನಮ್ಮ ಹೊಟ್ಟಿನೂ ಅಲ್ಲೇ ಇತ್ತಲ್ಲ."

ದಲಿತ ವಿಮರ್ಶೆಯ ಈ ಸಂಚಿಕೆಗೆ ನಾನು ಬರೆಯಲು ಕೂತಾಗ ಎದುರಿಗೆ ಬಂದು ನಿಂತದ್ದು ಈ ಮಾತು. ನಮ್ಮ ಬಿಡುಗಡೆಯ ಕೂಲಿ ಮತ್ತೊಬ್ಬರ ಮುಳುಗಡೆಯಿಂದ ಬಂದಿದ್ದರೆ ನಮ್ಮ ವಿಮರ್ಶೆ ಎಲ್ಲಿ ನಿಂತು ಮಾತಾಡಬೇಕು?

2

ಅಣೆಕಟ್ಟು ಎಂದರೆ ಪಾಪ, ಕಾಡು ಎಂದರೆ ಪುಣ್ಯ ಎಂಬ ನಗರದ ಪರಿಸರವಾದವನ್ನು ನಾವು ಹಾಗೇ ಒಪ್ಪಿಕೊಳ್ಳಲು ಬರುವುದಿಲ್ಲ. ಅಂಬೇಡ್ಕರ್ 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊಂದಿದ್ದರು. ನೀರಾವರಿ, ವಿದ್ಯುತ್ತಿನ ವಿಚಾರಗಳು ಅವರ ಕೈಯಲ್ಲಿದ್ದವು. ದಾಮೋದರ ಕಣಿವೆ ಯೋಜನೆಯ ಹಿಂದೆ ಅವರಿದ್ದರು. 1945ರ ನವೆಂಬರಿನಲ್ಲಿ ಕಟಕ್‌ನಲ್ಲಿ ಒರಿಸ್ಸಾದ ನದಿಗಳ ಬಗ್ಗೆ ನಡೆದ ಸಭೆಯ ಅಧ್ಯಕ್ಷತೆ ಅವರದೇ. ಹರಿದು ಹೋಗುವ ನೀರನ್ನು ತಡೆದು ವಿದ್ಯುತ್ತು ಮಾಡದೆ ಬಡತನ ಹೋಗದು ಎಂಬುದು ಅವರ ನಿಲುವಾಗಿತ್ತು. ನನ್ನ ಅಜ್ಜನ ಅನುಭವವೂ ಆ ನಿಲುವಿಗೆ ಹತ್ತಿರದ್ದೇ.

ಆದರೆ ಅದೇ ಅಂಬೇಡ್ಕರ್ ನಮಗೆ ಇನ್ನೊಂದು ಪ್ರಶ್ನೆಯನ್ನೂ ಕಲಿಸಿದ್ದಾರೆ: ಸಂಪತ್ತು ಯಾರ ಹೆಸರಿನಲ್ಲಿದೆ? ಅಣೆಕಟ್ಟು ಬೇಕೇ ಬೇಡವೇ ಎಂಬ ಜಗಳದಲ್ಲಿ ಈ ಪ್ರಶ್ನೆ ಹಿಂದೆ ಸರಿದುಬಿಡುತ್ತದೆ. ಕಾಳಿ ಕಣಿವೆಯಲ್ಲಿ ನಾನು ಕೇಳಬೇಕಾದದ್ದು ಅದನ್ನೇ.

3

ಮೊದಲು ಬಿದಿರು. ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಶುರುವಾದದ್ದು 1950ರ ದಶಕದಲ್ಲಿ. ಸರ್ಕಾರ ಅದಕ್ಕೆ ಬಿದಿರು ಕೊಟ್ಟದ್ದು ಟನ್ನಿಗೆ 1 ರೂಪಾಯಿ 50 ಪೈಸೆಗೆ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರನ್ನು ಪೇಟೆಯಲ್ಲಿ ಅದರ ನೂರಾರು ಪಟ್ಟು ದರಕ್ಕೆ ಕೊಳ್ಳಬೇಕಿತ್ತು. ಬಿದಿರು ಕಡಿಮೆಯಾದಾಗ ತಪ್ಪು ದನ ಮೇಯಿಸುವವರ ಮೇಲೆ ಬಂತು. ಗಾಡ್ಗೀಳ್ 1970ರ ದಶಕದಲ್ಲಿ ಅಧ್ಯಯನ ಮಾಡಿದಾಗ ತಿಳಿದದ್ದು ಬೇರೆ. ಬಿದಿರಿನ ಮೆಳೆಯ ಬುಡಕ್ಕೆ ಮುಳ್ಳಿನ ಹೊದಿಕೆ ಇರುತ್ತದೆ. ಕಡಿಯಲು ಅಡ್ಡಿ ಎಂದು ಅದನ್ನು ಸವರಿ ಹಾಕಿಸುತ್ತಿದ್ದರು. ಹೊದಿಕೆ ಹೋದ ಕೂಡಲೆ ಎಳೆ ಕಳಲೆ ಪ್ರಾಣಿಗಳ ಬಾಯಿಗೆ ಬೀಳುತ್ತಿತ್ತು. ಇದು ಹಳ್ಳಿಯವರಿಗೆ ಮೊದಲೇ ಗೊತ್ತಿದ್ದ ಸಂಗತಿ. ಆದರೆ ಅವರ ತಿಳುವಳಿಕೆಗೆ ಜ್ಞಾನದ ಸ್ಥಾನ ಇರಲಿಲ್ಲ.

ಆಮೇಲೆ ನೀರು. ಸೂಪಾದ ಬುಡದಲ್ಲಿ 100 ಮೆಗಾವಾಟ್. ಕೆಳಗೆ ನಾಗಝರಿ, ಕೊಡಸಳ್ಳಿ, ಕದ್ರಾ. ಕದ್ರಾ ಜಲಾಶಯದ ದಂಡೆಯಲ್ಲಿ ಕೈಗಾ ಅಣುಸ್ಥಾವರ. ಕೊನೆಗೆ ಹುಲಿ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ 2007ರಲ್ಲಿ ಹುಲಿ ಮೀಸಲು ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಟನ್ನು, ಟಿಎಂಸಿ, ಮೆಗಾವಾಟ್, ಹುಲಿಯ ಹೆಜ್ಜೆ, ಎಲ್ಲಕ್ಕೂ ಪ್ರಭುತ್ವದ ಬಳಿ ಲೆಕ್ಕವಿದೆ. ಇದೇ ನೆಲದ ಕುಣಬಿ, ಸಿದ್ದಿ, ಗೌಳಿಗಳಿಂದ ಮಾತ್ರ ಅದು ಕೇಳುವುದು ಪುರಾವೆ.

4

ಪುರಾವೆಯ ರಾಜಕಾರಣ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

2003ರಲ್ಲಿ ಜಾರಿಗೆ ಬಂದ ಒಂದೇ ತಿದ್ದುಪಡಿ ಕಾಯಿದೆ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಗೋವಾದ ಕುಣಬಿಯರನ್ನೂ ಸೇರಿಸಿತು. ಗೋವಾದ ಗಡಿಗೆ ಅಂಟಿಕೊಂಡೇ ಇರುವ ಜೋಯಿಡಾದ ಕುಣಬಿಯರ ಹೆಸರು ಅದರಲ್ಲಿ ಇರಲಿಲ್ಲ. ಕಾಡು ಅದೇ, ಹೆಸರು ಅದೇ, ಬೀಗತನವೂ ಗಡಿ ದಾಟಿ ನಡೆಯುತ್ತದೆ. ನಡುವೆ ರಾಜ್ಯದ ಗೆರೆ ಇದೆ, ಅಷ್ಟೇ.

ಈ ಗೆರೆಯ ಬೆಲೆ ಗೊತ್ತಾದದ್ದು 2006ರ ಅರಣ್ಯ ಹಕ್ಕು ಕಾಯಿದೆ ಬಂದಾಗ. ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿ ಇತ್ತೆಂದು ತೋರಿಸಿದರೆ ಸಾಕು. ಉಳಿದವರು 'ಇತರೆ ಪಾರಂಪರಿಕ ಅರಣ್ಯವಾಸಿಗಳು'. ಅವರು ಅದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ವಾಸವಿದ್ದು ಅದನ್ನೇ ನಂಬಿ ಬದುಕಿದ್ದನ್ನೂ ತೋರಿಸಬೇಕು. ಪಟ್ಟಿಯ ಹೊರಗಿನ ಕುಣಬಿಯರು ಬಿದ್ದದ್ದು ಈ ಎರಡನೆಯ ಸಾಲಿಗೆ.

ನನ್ನ ತರಗತಿಯ ಒಬ್ಬ ಕುಣಬಿ ಹುಡುಗ ಒಂದು ದಿನ ಒಂದು ಹಿಂಬರಹ ತಂದು ತೋರಿಸಿದ. ಅವರ ಅರ್ಜಿ ತಿರಸ್ಕಾರವಾಗಿತ್ತು. ಕಾರಣ: 75 ವರ್ಷದ ದಾಖಲೆ ಇಲ್ಲ. "ಸರ್, ನಮ್ಮ ಅಜ್ಜಿ ಹುಟ್ಟಿದ ಮನೆ ಡ್ಯಾಮಿನ ಒಳಗಿದೆ. ಈಗಿನ ಜಾಗಕ್ಕೆ ಬಂದು ನಲವತ್ತೈದು ವರ್ಷ ಆಯ್ತು. ಎಪ್ಪತ್ತೈದು ಎಲ್ಲಿಂದ ತರೋದು?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನನ್ನ ಅಜ್ಜ ಹೊತ್ತ ಖಡಿಯೇ ಆ ಹುಡುಗನ ಪುರಾವೆಯ ಮೇಲೆ ಕೂತಿತ್ತು.

5

ಮನೆಗೆ ಹೋಗಿ ಕಾಯಿದೆ, ನಿಯಮಗಳನ್ನು ಸಾಲು ಸಾಲಾಗಿ ಓದಿದೆ. ಓದಿದ್ದನ್ನು ಕಾರ್ಯಕರ್ತ ಗೆಳೆಯರಿಗಾಗಿ ಇಲ್ಲಿ ಹೇಳುತ್ತೇನೆ.

ಒಂದು, 75 ವರ್ಷ ಎಂಬುದು ಕಾಡಿನ ವಾಸಕ್ಕೆ ಮತ್ತು ಅವಲಂಬನೆಗೆ ಸಂಬಂಧಿಸಿದ್ದು. ಅರ್ಜಿ ಹಾಕಿದ ಅದೇ ತುಂಡು ನೆಲವನ್ನು 75 ವರ್ಷ ಉತ್ತಿರಬೇಕು ಎಂದಲ್ಲ. ಇದನ್ನು ಕೇಂದ್ರದ ಬುಡಕಟ್ಟು ವ್ಯವಹಾರಗಳ ಮಂತ್ರಾಲಯವೇ ಸ್ಪಷ್ಟಪಡಿಸಿದೆ. ಮುಳುಗಡೆಯಿಂದ ಜಾಗ ಬದಲಾದವರಿಗೆ ಇದು ದೊಡ್ಡ ಆಸರೆ.

ಎರಡು, 13ನೇ ನಿಯಮದ ಪ್ರಕಾರ ಉತಾರ, ರಸೀದಿ ಮಾತ್ರ ಪುರಾವೆಯಲ್ಲ. ಬಾವಿ, ಸ್ಮಶಾನ, ದೇವರ ಜಾಗ ಪುರಾವೆ. ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಮಾತು ಪುರಾವೆ. ಗೆಜೆಟಿಯರು ಪುರಾವೆ. 1883ರ ಮುಂಬೈ ಪ್ರಾಂತ್ಯದ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಕುಣಬಿಯರಿದ್ದಾರೆ. ಇವುಗಳಲ್ಲಿ ಎರಡಾದರೂ ಇರಬೇಕು. ಯಾವುದೇ ಒಂದು ನಿರ್ದಿಷ್ಟ ಕಾಗದವೇ ಬೇಕೆಂದು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಹೇಳುತ್ತದೆ.

ಮೂರು, ಸರ್ಕಾರಿ ಕಡತಗಳೂ ಪುರಾವೆ. ಅಂದಮೇಲೆ ಮುಳುಗಡೆಗಾಗಿ ಊರನ್ನು ವಶಪಡಿಸಿಕೊಂಡ ಕಡತವೇ ಆ ಜನ ಅಲ್ಲಿದ್ದರು ಎಂಬುದಕ್ಕೆ ಸಾಕ್ಷಿ. ಎಬ್ಬಿಸುವಾಗ ಕಂಡ ಜನ ಹಕ್ಕು ಕೇಳುವಾಗ ಕಾಣದೆ ಹೋಗುವುದು ಹೇಗೆ? ಪಟ್ಟಾ ಇಲ್ಲದೆ ಕಾಡಂಚಿನಲ್ಲಿ ಉತ್ತವರ ಹೆಸರು ಆ ಕಡತದಲ್ಲೂ ಸಿಗುವುದು ಕಷ್ಟ, ನಿಜ. ಅಂಥವರಿಗೆ ಹಿರಿಯರ ಮಾತೇ ಗತಿ. ಆ ಹಿರಿಯರೋ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ನಾಲ್ಕು, ಈ ಕಾಯಿದೆ ಬರೀ ಜಮೀನಿನದಲ್ಲ. ಬಿದಿರು, ಜೇನು, ಬೇರು, ಗೆಡ್ಡೆಗಳನ್ನು ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿ, ಅವುಗಳ ಒಡೆತನವನ್ನೇ ಕೊಡುತ್ತದೆ. ಟನ್ನಿಗೆ ಒಂದೂವರೆ ರೂಪಾಯಿಗೆ ಹೋದ ಬಿದಿರಿನ ಚರಿತ್ರೆ ಗೊತ್ತಿದ್ದವರಿಗೆ ಒಡೆತನ ಎಂಬ ಮಾತಿನ ತೂಕ ಗೊತ್ತಾಗುತ್ತದೆ. ಜೋಯಿಡಾದ ಗೆಡ್ಡೆ-ಗೆಣಸಿನ ಮೇಳಕ್ಕೆ ಕುಣಬಿ ಹೆಂಗಸರು ಮುಡ್ಲಿ, ಕೋನ ಎಂದು ಹೊತ್ತು ತರುವಾಗ ಪೇಟೆಯವರು ಫೋಟೊ ತೆಗೆಯುತ್ತಾರೆ. ಆ ಗೆಡ್ಡೆ ಬೆಳೆಯುವ ನೆಲ ಅವರ ಹೆಸರಿಗಿದೆಯೇ ಎಂದು ಕೇಳುವವರು ಕಡಿಮೆ. ಹುಲಿ ಮೀಸಲಿದೆ, ಹಕ್ಕು ಕೊಡಲಾಗದು ಎಂಬ ಮಾತೂ ನಿಲ್ಲದು. ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲಾದ 2011ರಲ್ಲೇ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿದೆ.

6

ನಮ್ಮ ದಲಿತ ವಿಮರ್ಶೆ ಊರು-ಕೇರಿಯ ನಡುವಿನ ಗೆರೆಯನ್ನು ಚೆನ್ನಾಗಿ ಓದಿದೆ. ಕಾಡು-ಕಡತದ ನಡುವಿನ ಗೆರೆಯನ್ನು ಅಷ್ಟು ಓದಿಲ್ಲ ಎಂಬುದು ನನ್ನ ತಕರಾರು. ಅಕ್ಷರ ನಿರಾಕರಿಸಿದ ವ್ಯವಸ್ಥೆಯೇ ಮುಂದೊಂದು ದಿನ ಬರಹದ ಪುರಾವೆ ಕೇಳುತ್ತದೆ. ಇದು ನಮಗೆ ಹೊಸ ಅನುಭವವಲ್ಲ. ಅದಕ್ಕೇ ಈ ಪ್ರಶ್ನೆ ನಮ್ಮದೂ ಹೌದು.

ಕಳೆದ ಬೇಸಿಗೆ ರಜೆಯಲ್ಲಿ ಆ ಹುಡುಗ, ಅವನ ಇಬ್ಬರು ಗೆಳೆಯರು, ನಾನು ಒಂದು ನೋಟುಬುಕ್ಕು ಹಿಡಿದು ಮನೆ ಮನೆಗೆ ಹೋದೆವು. ಕೊಂಕಣಿಯಲ್ಲಿ ಹೇಳಿದ್ದನ್ನು ಹುಡುಗರು ಕನ್ನಡಕ್ಕೆ ತಂದರು, ನಾನು ಬರೆದೆ. ನೆರೆಮನೆಯ ಮುದುಕಿಯೊಬ್ಬರು ಆ ಹುಡುಗನ ಅಜ್ಜಿಯ ಮನೆ, ಗದ್ದೆ, ಬಾವಿ ಎಲ್ಲೆಲ್ಲಿದ್ದವು ಎಂದು ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದರು. ಕೊನೆಗೆ ನನ್ನನ್ನು ಕೇಳಿದರು, "ನೀವು ಯಾವ ಊರಿನವರು?" ಅಜ್ಜ ಡ್ಯಾಮಿನ ಕೆಲಸಕ್ಕೆ ಬಂದವನು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಏನೋ ಅಂದರು. ಹುಡುಗ ಕನ್ನಡದಲ್ಲಿ ಹೇಳಿದ: "ಹಾಗಾದ್ರೆ ನೀವೂ ಸಾಕ್ಷಿನೇ, ಬರೀರಿ ಅಂತಾರೆ ಸರ್."

ಬರೆದಿದ್ದೇನೆ. ಮೇಲ್ಮನವಿಯ ಜೊತೆ ಆ ಹಾಳೆಗಳನ್ನೂ ಲಗತ್ತಿಸಿದ್ದೇವೆ.