ಊರಿನ ನೆಲ, ಚಿಗರೆಯ ಮೇವು

ಆಸ್ತಿ ಎಂದೊಡನೆ ನಮ್ಮ ಮನೆಗಳಲ್ಲಿ ಉತಾರ, ವಾಟ್ನಿ ಪತ್ರ, ಮೃತ್ಯುಪತ್ರ ಇವುಗಳ ಮಾತೇ ಮೊದಲು ಕೇಳಿಬರುತ್ತದೆ. ಒಡಹುಟ್ಟಿದವರ ನಡುವಿನ ಬದುವಿನ ವ್ಯಾಜ್ಯವನ್ನು ಹೊತ್ತುಕೊಂಡು ಗುರುಮನೆಯ ಪಡಸಾಲೆಗೆ ಬಂದು ಕುಳಿತವರು ಎಷ್ಟೋ ಮಂದಿ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಈ ಸೀಮೆಯಲ್ಲಿ ಯಾವೊಬ್ಬನ ಹೆಸರಿಗೂ ಇರದ, ಎಲ್ಲರ ಹೊಟ್ಟೆಗೂ ಬೇಕಾದ ಇನ್ನೊಂದು ಆಸ್ತಿ ಊರೂರಿಗೂ ಇದ್ದಿತು. ಗೋಮಾಳ, ಗಾಯರಾಣ, ಹುಲ್ಲುಗಾವಲು ಎಂದು ಕರೆಯಲ್ಪಡುತ್ತಿದ್ದ ಆ ನೆಲದಲ್ಲಿ ಬಡವನ ಎರಡು ಆಡು ಮೇಯುತ್ತಿದ್ದವು. ವಿಧವೆಯೊಬ್ಬಳು ಒಲೆಗೆ ಪುಳ್ಳೆ ಆಯುತ್ತಿದ್ದಳು. ಬೇವು, ಹೊಂಗೆ, ಜಾಲಿ, ಹುಣಸೆಗಳು ಯಾರ ಅಪ್ಪಣೆಗೂ ಕಾಯದೆ ಬೆಳೆಯುತ್ತಿದ್ದವು. ಬ್ಯಾಸಗಿ ಮುಗಿಯುವ ತನಕ ಕುರುಬರ ಕುರಿಗಳು ಅಲ್ಲಿ ಮೇದು, ರಾತ್ರಿ ಒಕ್ಕಲಿಗರ ಹೊಲದಲ್ಲಿ ನಿಂತು ಗೊಬ್ಬರ ಕೊಡುತ್ತಿದ್ದವು; ಒಕ್ಕಲಿಗನು ಅದಕ್ಕೆ ಪ್ರತಿಯಾಗಿ ಕಾಳುಕಡಿ ಕೊಡುತ್ತಿದ್ದನು. ಕಾಗದದಲ್ಲಿ ಸರ್ಕಾರದ್ದು, ಬಳಕೆಯಲ್ಲಿ ಊರಿನದು. ಈ ಎರಡರ ನಡುವಿನ ಅಂತರದಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿದೆ.

1984ರಲ್ಲಿ ಕರ್ನಾಟಕ ಸರ್ಕಾರವು ಹರಿಹರ ಪಾಲಿಫೈಬರ್ಸ್ ಸಂಸ್ಥೆಯೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಹೆಸರಿನಲ್ಲಿ ಹರಿಹರವಿದ್ದರೂ ಕಾರ್ಖಾನೆ ಇರುವುದು ತುಂಗಭದ್ರೆಯ ಈಚೆಯ ದಡದಲ್ಲಿ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ. ಒಪ್ಪಂದದ ಫಲವಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಹುಟ್ಟಿತು. ಸರ್ಕಾರದ ಪಾಲು ಶೇ. 51, ಕಂಪನಿಯ ಪಾಲು ಶೇ. 49. ಕಾರ್ಖಾನೆಗೆ ಬೇಕಾದ ನೀಲಗಿರಿಯನ್ನು ಬೆಳೆಯಲು ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು 40 ವರ್ಷಗಳ ಗೇಣಿಗೆ ಗೊತ್ತುಪಡಿಸಲಾಯಿತು. ಗೇಣಿಯ ದರ ವರ್ಷಕ್ಕೆ ಎಕರೆಗೆ ಒಂದು ರೂಪಾಯಿ! ಊರಿನ ಜಾತ್ರೆಯಲ್ಲಿ ಬೆಂಡು ಬತ್ತಾಸು ಮಾರುವವನು ಕೂಡ ತಾನು ಕೂರುವ ಮೂರು ಮೊಳ ಜಾಗಕ್ಕೆ ಅದಕ್ಕಿಂತ ಹೆಚ್ಚು ತೆರುತ್ತಿದ್ದನು.

ಕಾರ್ಖಾನೆಯ ಕೂಲಿಯಿಂದ ಅನ್ನ ಕಂಡ ಮನೆಗಳು ಆ ಸುತ್ತಿನಲ್ಲಿ ಸಾಕಷ್ಟಿವೆ. ಕೈಗಾರಿಕೆ ಎಂದರೆ ಪಾಪವೆಂದು ಹೇಳುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಆದರೆ ಒಂದು ನೆಲವನ್ನು ಗೇಣಿಗೆ ಕೊಡುವ ಮುನ್ನ ಅದರ ಮೇಲೆ ಯಾರ ಒಲೆ ಉರಿಯುತ್ತಿದೆ ಎಂದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ.

ಡಾ. ಶಿವರಾಮ ಕಾರಂತರು ಮತ್ತು ಇತರರು 1986ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1987ರ ಮಾರ್ಚ್‌ನಲ್ಲಿ, ಇನ್ನಷ್ಟು ಭೂಮಿಯನ್ನು ಸಂಸ್ಥೆಗೆ ವರ್ಗಾಯಿಸದಂತೆ ತಡೆಯಾಜ್ಞೆ ದೊರೆಯಿತು. ಅದೇ ವರ್ಷದ ನವೆಂಬರ್ 14ರಂದು, ಆಗ ಅವಿಭಜಿತ ಧಾರವಾಡ ಜಿಲ್ಲೆಯಲ್ಲಿದ್ದ, ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ, ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಸುಮಾರು ಎರಡು ಸಾವಿರ ಜನ ಸೇರಿದರು. ಊರಿನ ಶಾಲೆಯಲ್ಲಿ ಅಹಿಂಸೆಯ ಪ್ರತಿಜ್ಞೆ ಮಾಡಿ, ವಾದ್ಯಗಳೊಡನೆ ವಿವಾದಿತ ನೆಲಕ್ಕೆ ನಡೆದು, ನೂರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹಣ್ಣು ಮತ್ತು ಮೇವು ಕೊಡುವ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಎಂಬುದು ಆ ಸತ್ಯಾಗ್ರಹಕ್ಕೆ ಬಂದ ಹೆಸರು. ನಮ್ಮ ಕಡೆಯ ಮಾತಿನಲ್ಲಿ ಹಚ್ಚುವುದೆಂದರೆ ಗಿಡ ನೆಡುವುದೂ ಹೌದು, ದೀಪ ಬೆಳಗುವುದೂ ಹೌದು. ಭಾಷೆಯೇ ಕೆಲವೊಮ್ಮೆ ಚಳವಳಿಗೆ ನೆರವಾಗುತ್ತದೆ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ: ಚದುರುವ ಮುನ್ನ ಆ ಜನರು, ತಾವು ನೆಟ್ಟ ಸಸಿಗಳಿಗೆ ನೀರೆರೆದು ಕಾಯುವುದಾಗಿ ಮಾತು ಕೊಟ್ಟರು. ಪ್ರತಿಭಟಿಸಿ ಮನೆಗೆ ಹೋಗುವುದು ಸುಲಭ. ಬ್ಯಾಸಗಿಯಲ್ಲಿ ಕೊಡ ಹೊತ್ತು ಮರಳಿ ಬರುವುದು ಸುಲಭವಲ್ಲ. ಕೊನೆಗೆ 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು. 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿ ಆದೇಶ ಹೊರಡಿಸಿತು. ಕುಸನೂರಿನ ಜನರು ಅದನ್ನು ಮೂವತ್ತು ವರ್ಷ ಮೊದಲೇ ಹೇಳಿದ್ದರು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ‘ರಾಜನೀತಿ’ಯಲ್ಲಿ ಒಂದು ವಾದ ಎದುರಾಗುತ್ತದೆ: ಬಹುಮಂದಿಗೆ ಸೇರಿದ ವಸ್ತುವನ್ನು ಯಾರೂ ಅಕ್ಕರೆಯಿಂದ ನೋಡಿಕೊಳ್ಳುವುದಿಲ್ಲ, ಪ್ರತಿಯೊಬ್ಬನೂ ಇನ್ನೊಬ್ಬನು ನೋಡಿಕೊಳ್ಳುವನೆಂದು ಬಿಟ್ಟುಬಿಡುತ್ತಾನೆ ಎಂದು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ ಇದನ್ನೇ ಹುಲ್ಲುಗಾವಲಿನ ಉದಾಹರಣೆಯೊಡನೆ ಮುಂದಿಟ್ಟು, ಸಾಮುದಾಯಿಕ ನೆಲ ಹಾಳಾಗುವುದು ಅನಿವಾರ್ಯವೆಂದನು. ಜಗತ್ತಿನ ಆಡಳಿತಗಾರರಿಗೆ ಈ ಮಾತು ಬಹಳ ಹಿತವಾಗಿ ಕೇಳಿಸಿತು. ಆದರೆ ಎಲಿನರ್ ಆಸ್ಟ್ರಮ್ ಎಂಬ ವಿದುಷಿ ಊರೂರು ತಿರುಗಿ ಅಧ್ಯಯನ ಮಾಡಿ ಬೇರೆಯದನ್ನು ಕಂಡರು. ಎಲ್ಲಿ ಜನರು ತಾವೇ ನಿಯಮ ಮಾಡಿಕೊಂಡು, ತಾವೇ ಕಾವಲಿದ್ದು, ತಪ್ಪಿದವನಿಗೆ ತಾವೇ ದಂಡ ಹಾಕುತ್ತಾರೋ ಅಲ್ಲಿ ಸಾಮುದಾಯಿಕ ನೆಲ ಶತಮಾನಗಟ್ಟಲೆ ಉಳಿದಿದೆ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಗುಡ್ಡದ ಹಳ್ಳಿಯಲ್ಲಿ 1517ರಿಂದಲೇ ಒಂದು ಕಟ್ಟಳೆ: ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲನೋ ಅಷ್ಟನ್ನು ಮಾತ್ರ ಒಬ್ಬನು ಬೇಸಿಗೆಯಲ್ಲಿ ಊರಿನ ಹುಲ್ಲುಗಾವಲಿಗೆ ಕಳಿಸಬಹುದು. ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು; ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿಯೇ ಸೂಕ್ಷ್ಮವಾದೊಂದು ಗೆರೆ ಎಳೆದಿದ್ದರು: ಸಂಪಾದಿಸಿ ನಿರ್ವಹಿಸುವ ಮಟ್ಟಿಗೆ ಸೊತ್ತು ಒಬ್ಬನದಾಗಿರಬಹುದು, ಆದರೆ ಬಳಕೆಯ ಮಟ್ಟಿಗೆ ಅದನ್ನು ಎಲ್ಲರದೆಂದೇ ತಿಳಿಯತಕ್ಕದ್ದು.

ಇಷ್ಟು ಹೇಳಿದ ಮೇಲೆ ಒಂದು ಕಷ್ಟದ ಪ್ರಶ್ನೆಯನ್ನು ಎದುರಿಸಲೇಬೇಕು. ಈ ‘ಎಲ್ಲರು’ ಎಂದರೆ ಯಾರು? ರಾಣೆಬೆನ್ನೂರಿನಲ್ಲಿ ಈ ಪ್ರಶ್ನೆಗೆ ನಾಲ್ಕು ಕಾಲುಗಳಿವೆ.

1974ರಲ್ಲಿ ರಾಣೆಬೆನ್ನೂರಿನ ಬಳಿ 119 ಚದರ ಕಿಲೋಮೀಟರ್ ಪ್ರದೇಶವನ್ನು ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಲಾಯಿತು. ಅದರ ತಿರುಳು ಭಾಗ ಸುಮಾರು 15 ಚದರ ಕಿಲೋಮೀಟರ್. ನಮ್ಮ ರೈತರ ಬಾಯಲ್ಲಿ ಕೃಷ್ಣಮೃಗವೆಂದರೆ ಚಿಗರೆ. ಬಯಲು ಹುಲ್ಲುಗಾವಲಿನ ಈ ಪ್ರಾಣಿಯೊಡನೆ ತೋಳವೂ, ಎರೆಭೂತವೆಂಬ ಹೆಮ್ಮೆಯ ಹಕ್ಕಿಯೂ ಅಲ್ಲಿ ನೆಲೆಸಿದ್ದವು. ಬಯಲು ಎಂದರೆ ಬೀಳು, ಬೀಳು ಎಂದರೆ ವ್ಯರ್ಥ ಎಂದು ತಿಳಿದವರು ಅಲ್ಲಿಯೂ ನೀಲಗಿರಿಯನ್ನು ಬೆಳೆಸಿದರು. ಫಲಿತಾಂಶ ವಿಚಿತ್ರವಾಯಿತು. ಚಿಗರೆಗಳು ಹಗಲು ನೀಲಗಿರಿಯ ನೆರಳಲ್ಲಿ ಅಡಗಿ, ಕತ್ತಲಾದ ಮೇಲೆ ರೈತರ ಹೊಲಗಳಿಗೆ ಇಳಿಯುವುದನ್ನು ಕಲಿತು ಸಾವಿರಗಳ ಲೆಕ್ಕದಲ್ಲಿ ಹೆಚ್ಚಿದವು. ಎರೆಭೂತಕ್ಕೆ ಅಂಥ ಚಾಣಾಕ್ಷತೆ ಇರಲಿಲ್ಲ. ಹದಿನೈದು ಕಿಲೋ ತನಕ ತೂಗಬಲ್ಲ ಆ ಹಕ್ಕಿ ತೆರೆದ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಬಯಲು ಮುಚ್ಚಿತೆಂದರೆ ಅದರ ಮನೆ ಮುಚ್ಚಿದಂತೆ. ಇಂದು ರಾಣೆಬೆನ್ನೂರಿನಲ್ಲಿ ಅದು ಕಾಣಸಿಗುವುದಿಲ್ಲ. ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು.

ಚಿಗರೆಯ ಹೆಚ್ಚಳದ ವೆಚ್ಚವನ್ನು ಭರಿಸುತ್ತಿರುವವನು ಯಾರು? ಗೋವಿನಜೋಳ, ಶೇಂಗಾ, ಹತ್ತಿ ಮೊಳಕೆಯೊಡೆದು ಗೇಣುದ್ದ ಎದ್ದೊಡನೆ ಹಿಂಡು ಬಂದು ಎಳೆಯ ಕುಡಿಯನ್ನೇ ಮೇದು ಹೋಗುತ್ತದೆ. ಬಿತ್ತಿದ ಬೀಜ, ಹಾಕಿದ ಗೊಬ್ಬರ, ಮಾಡಿದ ಸಾಲ ಒಂದೇ ರಾತ್ರಿಯಲ್ಲಿ ನೀರಪಾಲು. ಹಳೆಯ ಸೀರೆಗಳನ್ನು ಬದುವಿಗೆ ಕಟ್ಟಿ, ತಗಡು ಬಡಿದು, ಇಡೀ ಮನೆ ಸರದಿಯ ಮೇಲೆ ಹೊಲ ಕಾಯುತ್ತದೆ. ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸುವ ಹುಡುಗನಿಗೆ ಛಡಿಯೇಟು ಬೀಳುತ್ತದೆ. ಕೃಷ್ಣಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅದರ ಮೇಲೆ ಕೈಮಾಡುವಂತಿಲ್ಲ, ಮಾಡಲೂಬಾರದು. ಅರಣ್ಯ ಇಲಾಖೆಯ ಪರಿಹಾರವುಂಟು, ಆದರೆ ಅರ್ಜಿ ಬರೆದು ಸ್ಥಳ ಪರಿಶೀಲನೆಗೆ ಕಾಯುವ ದಿನಗಳಲ್ಲಿ ಬಿತ್ತನೆಯ ಹದ ಕಾಯುವುದಿಲ್ಲ. ನಗರದಲ್ಲಿ ಕುಳಿತು ಚಿಗರೆಯ ಚಿತ್ರವನ್ನು ಮೆಚ್ಚುವವರು ಎರಡು ಎಕರೆಯ ರೈತನಿಗೆ ದಯೆಯ ಪಾಠ ಹೇಳುವುದು ನನಗೆ ಸರಿತೋರುವುದಿಲ್ಲ. ಕಾಡುಪ್ರಾಣಿಯ ಪಾಲನೆ ಇಡೀ ನಾಡಿನ ಕರ್ತವ್ಯವಾಗಿದ್ದರೆ ಅದರ ಖರ್ಚು ಕೂಡ ಇಡೀ ನಾಡಿನದೇ.

ಇದಕ್ಕೆ ಪ್ರತಿಯಾಗಿ ಬಂಕಾಪುರವನ್ನು ನೋಡಿರಿ. ಹಾವೇರಿಯಿಂದ ಹುಬ್ಬಳ್ಳಿಯ ಹಾದಿಯಲ್ಲಿ, ಶಿಗ್ಗಾಂವಿ ತಾಲೂಕಿನಲ್ಲಿದೆ ಆ ಊರು. ಅಲ್ಲಿನ ಹಳೆಯ ಕೋಟೆಯ 139 ಎಕರೆ ಆವರಣದಲ್ಲಿ ಖಿಲಾರಿ ದನಗಳ ತಳಿ ಸಂವರ್ಧನೆಯ ಸರ್ಕಾರಿ ಕ್ಷೇತ್ರವಿದೆ. ದನಗಳಿಗಾಗಿ ನೀರು ಹಾಯಿಸಿ ಮೇವು ಬೆಳೆದರು. ಕಂದಕದ ಸುತ್ತ ಗಿಡಗಂಟಿ ಯಾರ ಕಾಟವೂ ಇಲ್ಲದೆ ಬೆಳೆಯಿತು. ಸಗಣಿಯಲ್ಲಿ ಹುಳುಹುಪ್ಪಟೆ ಹುಟ್ಟಿದವು. ಕರೆಯದೆ ಬಂದವು ನವಿಲುಗಳು. ನವಿಲಿಗಾಗಿ ಯಾರೂ ಅಲ್ಲಿ ಏನನ್ನೂ ಮಾಡಿರಲಿಲ್ಲ. 2006ರಲ್ಲಿ ಆ ಆವರಣವನ್ನು ನವಿಲುಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು, ದನ ಸಾಕಣೆ ತಾನಾಗಿ ಮಾಡಿದ್ದ ಕೆಲಸಕ್ಕೆ ಒತ್ತಿದ ಮುದ್ರೆಯಷ್ಟೇ. ಇಲ್ಲೊಂದು ಸ್ವಾರಸ್ಯವಿದೆ. ರಾಷ್ಟ್ರಪಕ್ಷಿ ಯಾವುದಾಗಬೇಕೆಂಬ ಚರ್ಚೆ ನಡೆದಾಗ ಪಕ್ಷಿವಿಜ್ಞಾನಿ ಸಲೀಂ ಅಲಿಯವರು ಎರೆಭೂತದ ಪರವಾಗಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಸಂದಿತು. ಗೆದ್ದ ಹಕ್ಕಿ ಬಂಕಾಪುರದ ದನದ ಕೊಟ್ಟಿಗೆಯ ಪಕ್ಕದಲ್ಲಿ ಕುಣಿಯುತ್ತಿದೆ. ಸೋತ ಹಕ್ಕಿ ಇದೇ ಜಿಲ್ಲೆಯ ರಾಣೆಬೆನ್ನೂರಿನಿಂದ ಕಾಣೆಯಾಗಿದೆ.

ಸಂರಕ್ಷಣೆ ಎಂದರೆ ಹಕ್ಕಿ, ಮಿಗಗಳಷ್ಟೇ ಅಲ್ಲ. ಬ್ಯಾಡಗಿಯ ಮೆಣಸಿನಕಾಯಿಯ ಡಬ್ಬಿ ಮತ್ತು ಕಡ್ಡಿ ತಳಿಗಳು ಯಾವ ಪ್ರಯೋಗಾಲಯದಲ್ಲಿಯೂ ಹುಟ್ಟಿದವಲ್ಲ. ಸುಗ್ಗಿಯಲ್ಲಿ ಬಣ್ಣ, ಸುಕ್ಕು ನೋಡಿ ಒಳ್ಳೆಯ ಕಾಯಿಗಳನ್ನು ಬೇರೆಯಾಗಿ ಆಯ್ದು ಬೀಜಕ್ಕೆ ತೆಗೆದಿರಿಸಿದ ಒಕ್ಕಲುಮನೆಯ ತಾಯಂದಿರ ಕಣ್ಣು ಅವನ್ನು ಕಾಪಾಡಿತು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಿತು. ಅದೇ ಕಾಲದಲ್ಲಿ ಹೆಚ್ಚು ಇಳುವರಿಯ ಹೈಬ್ರಿಡ್ ಬೀಜಗಳು ಹೊಲಗಳನ್ನು ಆಕ್ರಮಿಸುತ್ತ ಬಂದವು. ಹೆಸರು ಉಳಿದು ಬೀಜ ಹೋದರೆ ಆ ಮಾನ್ಯತೆಯನ್ನು ಎಲ್ಲಿ ಬಿತ್ತುವುದು?

ಕಾನೂನಿನಲ್ಲಿ ಒಂದು ಬಾಗಿಲು ತೆರೆದಿದೆ. ನಮ್ಮ ಓದುಗರಲ್ಲಿ ಜಮೀನುಳ್ಳವರು ಅದನ್ನು ತಿಳಿದಿರಲಿ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಖಾಸಗಿ ಅಥವಾ ಸಮುದಾಯದ ನೆಲವನ್ನು ಅದರ ಒಡೆಯರೇ ಸ್ವಂತ ಇಚ್ಛೆಯಿಂದ ಮುಂದೆ ಬಂದು ಸಮುದಾಯ ಮೀಸಲು ಪ್ರದೇಶವಾಗಿಸಬಹುದು. ಒಡೆತನ ಹೋಗುವುದಿಲ್ಲ, ಸ್ಥಳೀಯರ ಸಮಿತಿಯೇ ನೋಡಿಕೊಳ್ಳುತ್ತದೆ, ಸಮಿತಿಯ ಠರಾವು ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಭೂಬಳಕೆ ಬದಲಾಗದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗಾಯಿತು. ಅಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆಯೇ ಹೆಜ್ಜಾರ್ಲೆ, ಕೊಕ್ಕರೆಗಳು ಗೂಡು ಕಟ್ಟುತ್ತವೆ. ಜನರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ.

ಗೋಮಾಳದ ವಿಷಯದಲ್ಲಿಯೂ ನಿಯಮವಿದೆ: ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ ಹುಲ್ಲುಗಾವಲು ಕಾಯ್ದಿರಿಸಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಊರಿನ ಸಾಮುದಾಯಿಕ ನೆಲದ ಒತ್ತುವರಿಯನ್ನು ತೆರವುಗೊಳಿಸಲು ಯೋಜನೆ ರೂಪಿಸಬೇಕೆಂದು 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು. ಮುಂದಿನ ಗ್ರಾಮಸಭೆಗೆ ಹೋಗುವ ನಮ್ಮ ಮನೆಯ ಯಜಮಾನರು, ಯಜಮಾನಿತಿಯರು ಮೂರು ಸಂಗತಿ ಬರೆದು ಕೇಳಲಿ: ಊರಿನ ಗೋಮಾಳದ ಸರ್ವೆ ನಂಬರು ಯಾವುದು, ದಾಖಲೆಯಲ್ಲಿ ಅದು ಎಷ್ಟು ಎಕರೆ, ನೆಲದ ಮೇಲೆ ಎಷ್ಟು ಉಳಿದಿದೆ. ಅದರಲ್ಲಿ ನಮ್ಮವರದೇ ಬದು ಎರಡು ಮಾರು ಒಳಗೆ ಸರಿದಿದ್ದರೆ ಅದನ್ನು ಮೊದಲು ಹಿಂದಕ್ಕೆ ಸರಿಸಿ ಆಮೇಲೆ ಸಭೆಗೆ ಹೋಗಲಿ.